ಉತ್ತರ ಧ್ರುವದ ಹಡಗುದಾರಿ

ಭೂಪಟವನ್ನು ಬದಿಗಿಟ್ಟು ಭೂಗೋಳವನ್ನು ಕೈಗೆತ್ತಿಕೊಂಡರೆ ಒಂದು ಸಂಗತಿ ಥಟ್ಟನೆ ಹೊಳೆಯುತ್ತದೆ. ಯೂರೋಪಿನಿಂದ ಜಪಾನಿಗೆ ಭೂಮಿಯ ನೆತ್ತಿಯ ಬಳಿಯಿಂದ ಹೋಗುವ ದಾರಿಯೇ ಹತ್ತಿರ. ರಾಟರ್‌ಡ್ಯಾಮಿನಿಂದ ಯೊಕೊಹಾಮಾಕ್ಕೆ ಸೂಯೆಜ್ ಕಾಲುವೆಯ ಮೂಲಕ ಸುಮಾರು 11,200 ನಾಟಿಕಲ್ ಮೈಲಿ. ರಷ್ಯದ ಉತ್ತರ ಕರಾವಳಿಯ ಮೂಲಕ ಸುಮಾರು 7,300. ಆದರೂ ಹಡಗುಗಳು ಸುತ್ತುದಾರಿಯನ್ನೇ ಹಿಡಿದುದೇಕೆ? ಹತ್ತಿರದ ದಾರಿಗೆ ಮಂಜುಗಡ್ಡೆಯ ಅಗುಳಿ ಬಿದ್ದಿದ್ದಿತು.

1878ರಲ್ಲಿ ನೂರ್ಡನ್‌ಶೆಲ್ಡ್ ಎಂಬ ಅನ್ವೇಷಕನು, ಹಾಯಿಯೂ ಹಬೆಯಂತ್ರವೂ ಇದ್ದ ‘ವೇಗಾ’ ನೌಕೆಯಲ್ಲಿ ಈ ದಾರಿಯನ್ನು ಹಿಡಿದನು. ಬೇರಿಂಗ್ ಜಲಸಂಧಿ ಇನ್ನು ಕೊಂಚ ದೂರವಿರುವಾಗಲೇ ಕಡಲು ಹೆಪ್ಪುಗಟ್ಟಿತು. ನೌಕೆ ಸುಮಾರು ಹತ್ತು ತಿಂಗಳು ಅಲ್ಲಿಯೇ ಸೆರೆಯಾಗಿದ್ದು, 1879ರ ಜುಲೈಯಲ್ಲಿ ಬಿಡುಗಡೆ ಹೊಂದಿತು.

ಇಂದು ಆ ಅಗುಳಿ ಸಡಿಲುತ್ತಿದೆ. ಬೇಸಗೆಯ ಕೊನೆಗೆ, ಸೆಪ್ಟೆಂಬರಿನಲ್ಲಿ, ಉತ್ತರ ಧ್ರುವಸಾಗರದ ಮಂಜುಗಡ್ಡೆ ಅತ್ಯಂತ ಕಡಿಮೆಯಾಗಿರುತ್ತದೆ. 1979ರಲ್ಲಿ ಆಗಲೂ ಸುಮಾರು 70 ಲಕ್ಷ ಚದರ ಕಿಲೋಮೀಟರು ಉಳಿದಿದ್ದಿತು. 2012ರಲ್ಲಿ ಉಳಿದುದು ಸುಮಾರು 34 ಲಕ್ಷ.

ಹಾಗೆಂದು ದಾರಿ ಸುಗಮವಾಯಿತೆಂದು ನಾವು ಭಾವಿಸಬಾರದು. ಚಳಿಗಾಲದಲ್ಲಿ ಕಡಲು ಮತ್ತೆ ಹೆಪ್ಪುಗಟ್ಟುತ್ತದೆ. ಬೇಸಗೆಯಲ್ಲಿಯೂ ಒಡೆದ ಗಡ್ಡೆಗಳು ಗಾಳಿಗೆ ಸಿಕ್ಕಿ ಎಲ್ಲೆಂದರಲ್ಲಿ ತೇಲಿಬರುತ್ತವೆ. ಇವು ಹಡಗಿನ ಹಿಂಬದಿಯ ಪ್ರೊಪೆಲ್ಲರಿಗೆ ಬಡಿದರೆ ಅದರ ಅಲಗುಗಳು ಬಾಗಬಹುದು, ಮುರಿಯಲೂಬಹುದು. ಆದುದರಿಂದ ಇಲ್ಲಿನ ಹಡಗಿನ ಚಾಲಕ ಯಂತ್ರವೇ ಬೇರೆಯಾಗಬೇಕಾಯಿತು.

ದ್ರವರೂಪದ ನೈಸರ್ಗಿಕ ಅನಿಲವನ್ನು ಸಾಗಿಸುವ ‘ಕ್ರಿಸ್ಟೋಫ್ ದ ಮಾರ್ಜೆರಿ’ ಎಂಬ ಹಡಗನ್ನು ನೋಡೋಣ. ಇದರ ಹಿಂಬದಿಯಲ್ಲಿ, ನೀರಿನೊಳಗೆ, ಮೂರು ಕೋಶಗಳು ತೂಗಿಕೊಂಡಿವೆ. ಒಂದೊಂದರಲ್ಲಿಯೂ 15 ಮೆಗಾವಾಟಿನ ವಿದ್ಯುತ್ ಮೋಟಾರೂ ಬಲವಾದ ಪ್ರೊಪೆಲ್ಲರೂ ಇವೆ. ಕೋಶವು ಎತ್ತ ಬೇಕಾದರೂ ತಿರುಗಬಲ್ಲುದರಿಂದ ಬೇರೆ ಚುಕ್ಕಾಣಿ ಬೇಕಿಲ್ಲ. ದಪ್ಪ ಮಂಜುಗಡ್ಡೆ ಎದುರಾದಾಗ ಹಡಗು ಹಿಮ್ಮುಖವಾಗಿ ಚಲಿಸುತ್ತದೆ! ಆಗ ಪ್ರೊಪೆಲ್ಲರುಗಳು ಗಡ್ಡೆಯ ಅಡಿಯ ನೀರನ್ನು ಸೆಳೆಯುತ್ತವೆ; ಆಸರೆ ತಪ್ಪಿದ ಗಡ್ಡೆ ಸುಲಭವಾಗಿ ಮುರಿಯುತ್ತದೆ. ಅವು ತಳ್ಳುವ ನೀರು ಹಡಗಿನ ಮೈಯನ್ನು ತೊಳೆದು ಘರ್ಷಣೆಯನ್ನೂ ತಗ್ಗಿಸುತ್ತದೆ. 2017ರ ಆಗಸ್ಟಿನಲ್ಲಿ ಈ ಹಡಗು, ಹಿಮಭಂಜಕ ನೌಕೆಯ ನೆರವಿಲ್ಲದೆ, ನಾರ್ವೆಯಿಂದ ದಕ್ಷಿಣ ಕೊರಿಯಕ್ಕೆ 19 ದಿನಗಳಲ್ಲಿ ತಲುಪಿತು.

ಆದರೆ ಯಂತ್ರಕ್ಕೆ ಉರುವಲು ಬೇಕಷ್ಟೆ? ಪ್ರಶ್ನೆ ಇರುವುದು ಇಲ್ಲಿಯೇ. ಹಿಮ ಹೊದೆದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಹಿಂದಿರುಗಿಸಬಲ್ಲುದು. ಕಡಲ ನೀರು ನೂರಕ್ಕೆ 10 ಪಾಲನ್ನೂ ಹಿಂದಿರುಗಿಸದು. ಹಡಗುಗಳ ಅಗ್ಗದ ಮಡ್ಡಿ ಎಣ್ಣೆ ಉರಿದಾಗ ಏಳುವ ಮಸಿ ಬಿಳಿಯ ಹಿಮದ ಮೇಲೆ ಕುಳಿತರೆ ಹಿಮ ಕಪ್ಪೇರಿ, ಹೆಚ್ಚು ಬಿಸಿಲನ್ನು ಹೀರಿ, ಬೇಗ ಕರಗುತ್ತದೆ. ಕರಗಿದಷ್ಟೂ ದಾರಿ ತೆರೆಯುತ್ತದೆ. ತೆರೆದಷ್ಟೂ ಹಡಗುಗಳು ಬರುತ್ತವೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2024ರ ಜುಲೈಯಿಂದ ಆ ನೀರಿನಲ್ಲಿ ಮಡ್ಡಿ ಎಣ್ಣೆಯ ಬಳಕೆಯನ್ನು ನಿಷೇಧಿಸಿತು. ಕೆಲವು ಹಡಗುಗಳಿಗೆ ಮಾತ್ರ 2029ರವರೆಗೆ ವಿನಾಯಿತಿ ಉಂಟು. ನೈಸರ್ಗಿಕ ಅನಿಲ ಉರಿದರೆ ಮಸಿ ಅತ್ಯಲ್ಪ. ಆದರೆ ಉರಿಯದೆ ಹೊರಬೀಳುವ ಮೀಥೇನು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಮಡಿ ಹೆಚ್ಚಾಗಿ ಶಾಖವನ್ನು ತಡೆಹಿಡಿಯುತ್ತದೆ.

ಮಂಜುಗಡ್ಡೆಯನ್ನು ಮುರಿಯಬಲ್ಲ ಯಂತ್ರವನ್ನು ಎಂಜಿನಿಯರುಗಳು ಈಗಾಗಲೇ ಕಟ್ಟಿದ್ದಾರೆ. ಮಂಜುಗಡ್ಡೆಯನ್ನು ಕರಗಿಸದ ಯಂತ್ರವನ್ನು ಕಟ್ಟುವುದು ಅದಕ್ಕಿಂತ ಕಠಿಣವಾದ ಕೆಲಸ. ಅದು ಇಂದಿನ ವಿದ್ಯಾರ್ಥಿಗಳಿಗಾಗಿ ಕಾದಿದೆ.