ಖಾಲಿ ಮನೆಯ ಮಾತು

ಆಟವೆಂದೊಡನೆ ಎದುರಾಳಿ, ಪಂದ್ಯ, ಸೋಲು-ಗೆಲುವುಗಳು ನೆನಪಿಗೆ ಬರುತ್ತವೆ. ಇವೊಂದೂ ಇಲ್ಲದ ವಿಡಿಯೋ ಆಟಗಳೂ ಇವೆ. ಅವುಗಳಲ್ಲಿ ತೆರೆಯ ಮೇಲೆ ನಾಯಕನ ಆಕೃತಿ ಕಾಣುವುದಿಲ್ಲ. ಅವನ ಕಣ್ಣೇ ನಮ್ಮ ಕಣ್ಣು. ನಡೆಯಬೇಕು, ನೋಡಬೇಕು, ಅಷ್ಟೇ. ಇದರಲ್ಲಿ ಸುಖವೇನು?

2013ರಲ್ಲಿ ಅಮೆರಿಕದಲ್ಲಿ ಹೊರಬಂದ 'ಗಾನ್ ಹೋಮ್' ಎಂಬ ಆಟವನ್ನೇ ನೋಡೋಣ. ಸಿದ್ದಾಪುರಕ್ಕೆ ರಜೆಗೆ ಬಂದ ಮೊಮ್ಮಗ ಅದನ್ನು ನನ್ನಿಂದ ಆಡಿಸಿದ. ಕಾಲ 1995ರ ಜೂನ್, ಮಳೆಯ ರಾತ್ರಿ. ಯುರೋಪ್ ಪ್ರವಾಸ ಮುಗಿಸಿ ಬಂದ ಹಿರಿಮಗಳಿಗೆ ಮನೆಯಲ್ಲಿ ಯಾರೂ ಕಾಣರು. ತನ್ನನ್ನು ಹುಡುಕಬೇಡವೆಂದು ತಂಗಿ ಬರೆದಿಟ್ಟ ಚೀಟಿಯಷ್ಟೇ ಇದೆ. ಇವಳು ಪ್ರವಾಸದಲ್ಲಿದ್ದಾಗ ಮನೆಯವರು ಇಲ್ಲಿಗೆ ಬಂದು ನೆಲೆಸಿದ್ದರಿಂದ, ಈ ಮನೆ ಅವಳಿಗೂ ನಮ್ಮಷ್ಟೇ ಅಪರಿಚಿತ. ಅವಳ ಕುತೂಹಲವೂ ನಮ್ಮ ಕುತೂಹಲವೂ ಒಂದಾಗುವುದು ಈ ಜಾಣ್ಮೆಯಿಂದ.

ತಂದೆಯ ಕಾದಂಬರಿಯ ಮಾರಾಟವಾಗದ ಪ್ರತಿಗಳು ಪೆಟ್ಟಿಗೆಗಳಲ್ಲಿ ಉಳಿದಿವೆ. ಆತ ಸೋತ ಲೇಖಕನೆಂದು ಯಾರೂ ಹೇಳುವುದಿಲ್ಲ, ನಾವೇ ಅರಿಯುತ್ತೇವೆ. ಆನಂದವರ್ಧನನು ಧ್ವನಿಯೆಂದು ಕರೆದದ್ದು ಇದಕ್ಕೆ ದೂರವಲ್ಲ. ಹೇಳಿದ ಅರ್ಥಕ್ಕಿಂತ ಹೊಳೆದ ಅರ್ಥವೇ ಸಹೃದಯನಿಗೆ ಹೆಚ್ಚು ಪ್ರಿಯ.

ಕಾರಂತರ 'ಬೆಟ್ಟದ ಜೀವ' (1943) ನಿಮಗೆ ನೆನಪಾಗಬಹುದು. ಅಲ್ಲಿಯೂ ಕಾಡಿನಲ್ಲಿ ದಾರಿ ತಪ್ಪಿದ 'ನಾನು' ಗೋಪಾಲಯ್ಯನವರ ಮನೆಯ ಅತಿಥಿಯಾಗುತ್ತಾನೆ. ಮನೆಬಿಟ್ಟು ಹೋದ ಮಗನ ದುಃಖ ಅವನಿಗೆ ತುಣುಕುತುಣುಕಾಗಿ ತಿಳಿಯುತ್ತದೆ. ಕಾದಂಬರಿಯಲ್ಲಿ ಆ ತುಣುಕುಗಳ ಕ್ರಮ ಲೇಖಕನದು. ಆಟದಲ್ಲಿ ಬಹುಮಟ್ಟಿಗೆ ನಮ್ಮದು. ಯಾವ ಕೋಣೆ ಮೊದಲು, ಯಾವ ಪತ್ರವನ್ನು ಓದದೆ ಬಿಡುವುದು ಎಂಬ ಆಯ್ಕೆ ನಮ್ಮದಾದಷ್ಟೂ ಕಂಡದ್ದು ನಮ್ಮದಾಗುತ್ತದೆ.

ಆದರೆ ಎಲ್ಲ ಬಾಗಿಲುಗಳೂ ತೆರೆದಿದ್ದರೆ ಅದು ಗುರಿಯಿಲ್ಲದ ಅಲೆದಾಟ. ಹೆಜ್ಜೆಹೆಜ್ಜೆಗೂ ಬಾಣದ ಗುರುತಿದ್ದರೆ ಕಟ್ಟಿಹಾಕಿದ ಮೆರವಣಿಗೆ. ಒಂದು ಬೀಗ, ಅದರ ಕೀಲಿಕೈ ಇನ್ನೊಂದು ಕೋಣೆಯಲ್ಲಿ: ಇಷ್ಟು ಸಂಯಮ ಸಾಕು. ಗುಡುಗು, ಕತ್ತಲೆ, ಬರಿದಾದ ಕೋಣೆಗಳು ಸೇರಿ ಭೂತದ ಭಯವನ್ನು ಹುಟ್ಟಿಸುತ್ತವೆ. ಮುಂದೆ ಸಾಗಿದಂತೆ ಆ ಭಯ ಕರಗಿ, ತಂಗಿ ಏನಾದಳೋ ಎಂಬ ಕಳವಳವಾಗುತ್ತದೆ. ಭಯಾನಕದಿಂದ ಕರುಣಕ್ಕೆ ಜಾರುವ ಈ ಪಯಣವೇ ಆಟದ ತಿರುಳು. ಇಂಥವನ್ನು ಬರಿಯ ನಡಿಗೆಯ ಆಟವೆಂದು ಮೂದಲಿಸಿದವರಿದ್ದಾರೆ. ಓದುವುದನ್ನು ಬರಿಯ ಪುಟ ತಿರುವುವುದೆಂದರೆ ಹೇಗೋ, ಇದೂ ಹಾಗೆಯೇ.

ನಮ್ಮ ವಾರಾಹಿಯ ಆಸುಪಾಸಿನಲ್ಲಿಯೂ ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳಿವೆ. ಅಡಕೆಯ ಲೆಕ್ಕದ ಪುಸ್ತಕ, ಯಕ್ಷಗಾನದ ಪ್ರಸಂಗ ಪ್ರತಿ, ಮುಂಬಯಿಯ ಹೋಟೆಲಿನಿಂದ ಬಂದ ಇನ್‌ಲ್ಯಾಂಡ್ ಪತ್ರ ಅಲ್ಲಿ ಗೆದ್ದಲಿಗೆ ಕಾದಿರುತ್ತವೆ. ಇಂಥದೊಂದು ಮನೆಯನ್ನು ನಮ್ಮ ಯುವಕರು ಆಟವಾಗಿಸಿದರೆ ನನಗೆ ಸಂತೋಷ. ಅದಕ್ಕೆ ಮೊದಲು ಆ ಪತ್ರಗಳನ್ನು ಯಾರಾದರೂ ತೆಗೆದು ಒಣಗಿಸಿ ಇಡಬೇಕು.