ಕಾಲಿನ ಮೂಳೆ ಮುರಿತದ ನಂತರ ಬಲ ಮತ್ತು ಚಲನೆಯ ಪುನಃಪ್ರಾಪ್ತಿ : ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಪ್ರಧಾನವಾಗಿ ಕೃಷಿಯನ್ನು ಅವಲಂಬಿಸಿರುತ್ತವೆ. 1997ರಲ್ಲಿ ಜಿಲ್ಲೆಯು ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿಯು ತದನಂತರ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುತ್ತದೆ. ಈ ಭಾಗದಲ್ಲಿ ಅಡಿಕೆ ಮರದಿಂದ ಬೀಳುವುದು, ಟ್ರ್ಯಾಕ್ಟರ್ ಮಗುಚುವುದು, ಎತ್ತು ಅಥವಾ ಎಮ್ಮೆ ತುಳಿಯುವುದು ಹಾಗೂ ದ್ವಿಚಕ್ರ ವಾಹನ ಅಪಘಾತ ಇವು ಕಾಲಿನ ಮೂಳೆ ಮುರಿಯಲು ಸಾಮಾನ್ಯ ಕಾರಣಗಳಾಗಿವೆ.

ಜಾಗತಿಕ ಅಂದಾಜಿನ ಪ್ರಕಾರ 2019ರಲ್ಲಿ ವಿಶ್ವದಾದ್ಯಂತ ಸುಮಾರು 17.8 ಕೋಟಿ ಹೊಸ ಮೂಳೆ ಮುರಿತಗಳು ಸಂಭವಿಸಿದ್ದು, ಅವುಗಳಲ್ಲಿ ಮಂಡಿಚಿಪ್ಪು, ಮೊಣಕಾಲಿನ ಕೆಳಭಾಗ ಮತ್ತು ಕಣಕಾಲಿನ ಮುರಿತಗಳೇ ಅತಿ ಹೆಚ್ಚಿನ ಸಂಖ್ಯೆಯಲ್ಲಿವೆ.

ಮುರಿದ ಮೂಳೆ ಕೂಡಿಕೊಂಡ ಮಾತ್ರಕ್ಕೆ ಚಿಕಿತ್ಸೆ ಮುಗಿಯಿತೆಂಬ ಭಾವನೆ ಜನಸಾಮಾನ್ಯರಲ್ಲಿದೆ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿರುವುದು ಕಂಡುಬಂದರೂ, ಮಂಡಿ ಮಡಿಸಲಾಗದೆ ಶೌಚಕ್ಕೆ ಕೂರಲಾಗದವರು, ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳಲಾಗದವರು, ಊರುಗೋಲನ್ನು ಬಿಡಲಾಗದವರು ಹಳ್ಳಿಗಳಲ್ಲಿ ಕಂಡುಬರುತ್ತಾರೆ. ಇಂತಹ ನ್ಯೂನತೆಗಳಲ್ಲಿ ಹೆಚ್ಚಿನವು ಮುರಿತದಿಂದಲ್ಲ, ಮುರಿತದ ನಂತರದ ಕೆಲವು ವಾರಗಳ ನಿಶ್ಚಲತೆಯಿಂದ ಉಂಟಾಗುವಂತಹವು. ಸಕಾಲದ ವ್ಯಾಯಾಮದಿಂದ ಇವುಗಳನ್ನು ಬಹುಮಟ್ಟಿಗೆ ತಡೆಗಟ್ಟಬಹುದಾಗಿದೆ.

ಮೂಳೆ ಕೂಡುವ ಬಗೆ

ಮೂಳೆ ಮುರಿದಾಗ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೃದ್ವಸ್ಥಿಯಂತಹ ಮೆದು ಗಂಟು ಬೆಳೆಯುತ್ತದೆ. ಸುಮಾರು 6ರಿಂದ 12 ವಾರಗಳ ಅವಧಿಯಲ್ಲಿ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ಆನಂತರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮೂಳೆಯು ತನ್ನ ಮೂಲ ಆಕಾರಕ್ಕೆ ಮರಳುತ್ತಾ ಹೋಗುತ್ತದೆ. ವಯಸ್ಕರಲ್ಲಿ ತೊಡೆಮೂಳೆ ಮತ್ತು ಮೊಣಕಾಲಿನ ದೊಡ್ಡ ಮೂಳೆ ಕೂಡಲು ಸಾಮಾನ್ಯವಾಗಿ 3ರಿಂದ 5 ತಿಂಗಳುಗಳು ಬೇಕಾಗುತ್ತವೆ. ಮೂಳೆ ಚರ್ಮವನ್ನು ಸೀಳಿ ಹೊರಬಂದಿದ್ದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು.

ಇದೇ ಅವಧಿಯಲ್ಲಿ ಸ್ನಾಯುಗಳು ಮತ್ತು ಕೀಲುಗಳಲ್ಲಿ ವಿರುದ್ಧವಾದ ಬದಲಾವಣೆ ನಡೆಯುತ್ತಿರುತ್ತದೆ. ಕೆಲಸವಿಲ್ಲದ ಸ್ನಾಯು ಕೆಲವೇ ದಿನಗಳಲ್ಲಿ ಕೃಶವಾಗತೊಡಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಎಲ್ಲಕ್ಕಿಂತ ಬೇಗ ಸೊರಗುತ್ತದೆ. ಅಲುಗಾಡದ ಕೀಲಿನ ಸುತ್ತಲಿನ ಪೊರೆ ಕುಗ್ಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮೂಳೆಗೆ ವಿಶ್ರಾಂತಿ, ಸ್ನಾಯು ಮತ್ತು ಕೀಲುಗಳಿಗೆ ಕೆಲಸ ಎಂಬುದು ಪುನಶ್ಚೇತನದ ಮೂಲ ತತ್ವವಾಗಿರುತ್ತದೆ.

ಹಿಂದಿನ ಕಾಲದಲ್ಲಿ ತೊಡೆಮೂಳೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ಮೂರು ತಿಂಗಳು ಮಲಗಿರಬೇಕಾಗಿತ್ತು. ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಚರ್ ಅವರು 1940ರ ಸುಮಾರಿನಲ್ಲಿ ಮೂಳೆಯ ಒಳಗಿನ ಟೊಳ್ಳಿನಲ್ಲಿ ಲೋಹದ ಸರಳನ್ನು ತೂರಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ಸೋವಿಯತ್ ಒಕ್ಕೂಟದ ಕುರ್ಗಾನ್ ನಗರದಲ್ಲಿ ವೈದ್ಯ ಇಲಿಜರೋವ್ ಅವರು 1950ರ ದಶಕದಲ್ಲಿ ಹೊರಗಿನಿಂದ ಅಳವಡಿಸುವ ಉಂಗುರಗಳ ಚೌಕಟ್ಟನ್ನು ರೂಪಿಸಿದರು. ಈ ಎರಡೂ ವಿಧಾನಗಳಿಂದ ರೋಗಿಯು ಬೇಗನೆ ಎದ್ದು ಕೀಲುಗಳನ್ನು ಆಡಿಸಲು ಸಾಧ್ಯವಾಯಿತು. ಶಸ್ತ್ರಚಿಕಿತ್ಸೆಯಾದ ನಂತರವೂ ಕಾಲನ್ನು ಅಲುಗಾಡಿಸದೆ ಮಲಗುವುದರಿಂದ ಅದರ ಮುಖ್ಯ ಪ್ರಯೋಜನವೇ ಕೈತಪ್ಪುತ್ತದೆ.

ಮೊದಲ ದಿನಗಳ ಎಚ್ಚರಿಕೆ

ಗ್ರಾಮೀಣ ಭಾಗದಲ್ಲಿ ಮೂಳೆ ಮುರಿದವರನ್ನು ಮೊದಲು ನಾಟಿ ಕಟ್ಟು ಹಾಕುವವರ ಬಳಿಗೆ ಕರೆದೊಯ್ಯುವ ರೂಢಿ ಇದೆ. ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದಾಗ, ಒಳಗೆ ಬಾವು ಹೆಚ್ಚುತ್ತಾ ಹೋಗಿ ರಕ್ತ ಸಂಚಾರ ನಿಲ್ಲುವ ಅಪಾಯವಿರುತ್ತದೆ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರ್ ಬಿಗಿಯಾದರೂ ಇದೇ ಅಪಾಯ ತಪ್ಪಿದ್ದಲ್ಲ. ನೋವು ಗಂಟೆಯಿಂದ ಗಂಟೆಗೆ ಹೆಚ್ಚುವುದು, ಬೆರಳುಗಳನ್ನು ಹಿಗ್ಗಿಸಿದಾಗ ತಡೆಯಲಾಗದ ನೋವು, ಬೆರಳು ಜೋಮು ಹಿಡಿಯುವುದು ಇವು ಇದರ ಲಕ್ಷಣಗಳು. ಬೆರಳು ತಣ್ಣಗಾಗುವುದು ಅಥವಾ ನೀಲಿಗಟ್ಟುವುದು ತಡವಾಗಿ ಕಾಣುವ ಲಕ್ಷಣವಾದ್ದರಿಂದ ಅದಕ್ಕಾಗಿ ಕಾಯಬಾರದು. ಸುಮಾರು 6 ಗಂಟೆಗಳೊಳಗೆ ಒತ್ತಡವನ್ನು ಬಿಡಿಸದಿದ್ದಲ್ಲಿ ಸ್ನಾಯುಗಳು ಶಾಶ್ವತವಾಗಿ ನಾಶವಾಗುವ ಸಂಭವವಿದ್ದು, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ತೆರಳತಕ್ಕದ್ದು.

ಪುನಶ್ಚೇತನದ ಹಂತಗಳು

ಈ ಕೆಳಕಂಡ ಹಂತಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಯಾವ ದಿನ ಯಾವ ವ್ಯಾಯಾಮ ಎಂಬುದನ್ನು ಹಾಗೂ ಕಾಲಿನ ಮೇಲೆ ಎಷ್ಟು ಭಾರ ಹಾಕಬೇಕೆಂಬುದನ್ನು ಚಿಕಿತ್ಸೆ ನೀಡಿದ ಮೂಳೆ ತಜ್ಞರೇ ನಿರ್ಧರಿಸತಕ್ಕದ್ದು.

ಮೊದಲನೆಯ ಹಂತ : ಹಾಸಿಗೆಯಲ್ಲಿ

1. ಪ್ಲಾಸ್ಟರ್ ಇಲ್ಲದಿದ್ದಲ್ಲಿ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಎಚ್ಚರವಿರುವಾಗ ಗಂಟೆಗೊಮ್ಮೆ 10ರಿಂದ 15 ಬಾರಿ. ಇದರಿಂದ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಕಡಿಮೆಯಾಗುತ್ತದೆ. ಪ್ಲಾಸ್ಟರ್ ಇದ್ದಲ್ಲಿ ಬೆರಳುಗಳನ್ನಾದರೂ ಆಡಿಸುತ್ತಿರಬೇಕು.
2. ಮಂಡಿಯನ್ನು ನೇರವಾಗಿಟ್ಟು ತೊಡೆಯ ಸ್ನಾಯುವನ್ನು 5 ಸೆಕೆಂಡುಗಳ ಕಾಲ ಬಿಗಿಹಿಡಿದು ಸಡಿಲಿಸುವುದು. ಕಾಲು ಅಲುಗದೆಯೇ ನಡೆಯುವ ಈ ವ್ಯಾಯಾಮವನ್ನು ಪ್ಲಾಸ್ಟರಿನ ಒಳಗೂ ಮಾಡಬಹುದು.
3. ಮಲಗಿರುವಾಗ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡುವುದು. ದಿಂಬನ್ನು ಹಿಮ್ಮಡಿ ಮತ್ತು ಮೀನಖಂಡದ ಕೆಳಗೆ ಇಡಬೇಕು. ಮಂಡಿಯ ಕೆಳಗೆ ಮಾತ್ರ ದಿಂಬಿಟ್ಟು ದಿನಗಟ್ಟಲೆ ಮಲಗಿದರೆ ಮಂಡಿಯು ಮಡಿಸಿದ ಸ್ಥಿತಿಯಲ್ಲಿಯೇ ಬಿಗಿಯಾಗುತ್ತದೆ.
4. ಪೆಟ್ಟಾಗದ ಕಾಲು ಹಾಗೂ ಎರಡೂ ತೋಳುಗಳಿಗೆ ವ್ಯಾಯಾಮ ನೀಡುವುದು. ಮುಂದೆ ಊರುಗೋಲು ಹಿಡಿಯಲು ಈ ಬಲವೇ ಬೇಕಾಗುತ್ತದೆ.

ಎರಡನೆಯ ಹಂತ : ಕೀಲುಗಳ ಚಲನೆ

ವೈದ್ಯರು ಅನುಮತಿಸಿದ ಕೂಡಲೇ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಿಸುವುದು, ಮಂಚದ ಅಂಚಿನಲ್ಲಿ ಕುಳಿತು ಕಾಲು ಇಳಿಬಿಡುವುದು, ಮಂಡಿ ನೇರವಾಗಿಟ್ಟು ಕಾಲನ್ನು ಒಂದು ಅಡಿ ಎತ್ತಿ ಹಿಡಿಯುವುದು ಇವನ್ನು ಆರಂಭಿಸಬೇಕು. ಪ್ರತಿಯೊಂದನ್ನೂ 10 ಬಾರಿಯಂತೆ ದಿನಕ್ಕೆ 3 ಸಲ ಮಾಡುವುದು ರೂಢಿ.

ದೈನಂದಿನ ಕೆಲಸಗಳಿಗೆ ಮಂಡಿಯು ಎಷ್ಟು ಮಡಿಯಬೇಕೆಂಬುದು ಸ್ಥೂಲವಾಗಿ ಹೀಗಿದೆ:

- ಸಮತಟ್ಟಾದ ನೆಲದಲ್ಲಿ ನಡೆಯಲು : 60ರಿಂದ 70 ಡಿಗ್ರಿ
- ಮೆಟ್ಟಿಲು ಹತ್ತಿ ಇಳಿಯಲು : ಸುಮಾರು 90 ಡಿಗ್ರಿ
- ಕುರ್ಚಿಯಿಂದ ಸಲೀಸಾಗಿ ಏಳಲು : ಸುಮಾರು 100 ಡಿಗ್ರಿ
- ಕುಕ್ಕರುಗಾಲಿನಲ್ಲಿ ಕೂರಲು : 130 ಡಿಗ್ರಿಗೂ ಹೆಚ್ಚು

ಪಾಶ್ಚಾತ್ಯ ದೇಶಗಳ ಪುಸ್ತಕಗಳು 110 ಡಿಗ್ರಿ ಮಡಿಕೆಯನ್ನು ಸಾಮಾನ್ಯವಾಗಿ ಸಾಕೆನ್ನುತ್ತವೆ. ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ಕುಳಿತು ಅಡಿಕೆ ಸುಲಿಯುವ, ಹಸುವಿನ ಹಾಲು ಕರೆಯುವ, ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ವ್ಯಕ್ತಿಗೆ ಅಷ್ಟು ಸಾಲದು. ಆದ್ದರಿಂದ ರೋಗಿಯು ತಾನು ಮಾಡುವ ಕೆಲಸವನ್ನು ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ಮೊದಲೇ ಸ್ಪಷ್ಟವಾಗಿ ತಿಳಿಸುವುದು ಸೂಕ್ತ. ಮಂಡಿಯ ಬಿಗಿತವು ಮೊದಲ ಮೂರು ತಿಂಗಳಲ್ಲಿ ಸುಲಭವಾಗಿ ಸಡಿಲಗೊಳ್ಳುತ್ತದೆ, ತಡವಾದಷ್ಟೂ ಕಷ್ಟವಾಗುತ್ತದೆ.

ಮೂರನೆಯ ಹಂತ : ಭಾರ ಹಾಕಿ ನಡೆಯುವುದು

ಮೂಳೆಯ ನಡುಭಾಗದ ಮುರಿತಕ್ಕೆ ಸರಳು ಅಳವಡಿಸಿದ್ದಲ್ಲಿ ಬಹುತೇಕ ಬೇಗನೆ ಭಾರ ಹಾಕಲು ಅನುಮತಿ ದೊರೆಯುತ್ತದೆ. ಮುರಿತವು ಕೀಲಿನೊಳಗೆ ಹೋಗಿದ್ದಲ್ಲಿ 6ರಿಂದ 12 ವಾರಗಳು ಕಾಯಬೇಕಾಗಬಹುದು. ವೈದ್ಯರು 20 ಕಿಲೋ ಭಾರ ಹಾಕಬಹುದೆಂದು ಹೇಳಿದಲ್ಲಿ, ತೂಕದ ಯಂತ್ರದ ಮೇಲೆ ಆ ಕಾಲನ್ನು ಒತ್ತಿ ನೋಡಿ ಅಂದಾಜನ್ನು ಅಭ್ಯಾಸ ಮಾಡಿಕೊಳ್ಳಬಹುದು.

ಊರುಗೋಲಿನ ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು:

1. ಕಂಕುಳಿಗೂ ಊರುಗೋಲಿನ ಮೇಲ್ತುದಿಗೂ ಎರಡು ಮೂರು ಬೆರಳಿನಷ್ಟು ಅಂತರವಿರಬೇಕು. ಭಾರವನ್ನು ಅಂಗೈಗಳ ಮೇಲೆ ಹಾಕಬೇಕು. ಕಂಕುಳ ಮೇಲೆ ಜೋತುಬಿದ್ದಲ್ಲಿ ಕೈಯ ನರಗಳಿಗೆ ಹಾನಿಯಾಗುತ್ತದೆ.
2. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಊರುಗೋಲಿನೊಂದಿಗೆ ಪೆಟ್ಟಾದ ಕಾಲು ಮೊದಲು.
3. ಒಂದೇ ಕೋಲಿಗೆ ಬಂದಾಗ ಅದನ್ನು ಪೆಟ್ಟಾದ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಹಿಡಿಯಬೇಕು.
4. ಕೋಲಿನ ತುದಿಯ ರಬ್ಬರ್ ಸವೆದಿದ್ದಲ್ಲಿ ಬದಲಾಯಿಸಬೇಕು. ಸಗಣಿ ಸಾರಿಸಿದ ಅಂಗಳ, ಬಚ್ಚಲುಮನೆ ಮತ್ತು ಮಳೆಗಾಲದ ಕೆಸರು ಜಾರುವ ಸ್ಥಳಗಳಾಗಿವೆ.

ನಾಲ್ಕನೆಯ ಹಂತ : ಬಲವರ್ಧನೆ ಮತ್ತು ಕೆಲಸಕ್ಕೆ ಮರಳುವುದು

ಮೂಳೆ ಕೂಡಿರುವುದು ಎಕ್ಸ್‌ರೇಯಲ್ಲಿ ದೃಢಪಟ್ಟ ನಂತರ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು ಇವನ್ನು ರೂಢಿಸಿಕೊಳ್ಳಬೇಕು. ದುಬಾರಿ ಉಪಕರಣಗಳ ಅಗತ್ಯವಿಲ್ಲ. ಮರಳು ತುಂಬಿದ ಒಂದು ಕಿಲೋ ಚೀಲವನ್ನು ಕಣಕಾಲಿಗೆ ಕಟ್ಟಿ ಮಂಡಿ ಚಾಚುವುದು ಉತ್ತಮ ವ್ಯಾಯಾಮವಾಗಿದೆ. ಕುಂಟು ನಡಿಗೆ ನಿಲ್ಲುವವರೆಗೆ ಊರುಗೋಲನ್ನು ಬಿಡುವ ಆತುರ ಬೇಡ. ಭಾರ ಹೊರುವುದು, ಉಳುಮೆ ಮಾಡುವುದು ಮತ್ತು ಮರ ಹತ್ತುವುದನ್ನು ವೈದ್ಯರ ಅನುಮತಿಯಿಲ್ಲದೆ ಆರಂಭಿಸಬಾರದು. ತೀವ್ರ ಮುರಿತದ ನಂತರ ಪೂರ್ಣ ಬಲ ಮರಳಲು ಒಂದು ವರ್ಷದವರೆಗೂ ಬೇಕಾಗಬಹುದು.

ವ್ಯಾಯಾಮದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯುವುದು ಸಹಜ. ಮರುದಿನವೂ ನೋವು ಮತ್ತು ಬಾವು ಉಳಿದಲ್ಲಿ ವ್ಯಾಯಾಮದ ಪ್ರಮಾಣವನ್ನು ಕಡಿಮೆ ಮಾಡಬೇಕು, ಪೂರ್ತಿಯಾಗಿ ನಿಲ್ಲಿಸಬಾರದು. ಬೇರೆಯವರಿಂದ ಬಲವಂತವಾಗಿ ಮಂಡಿ ಮಡಿಸಿಕೊಳ್ಳುವುದು ಹಾಗೂ ಮುರಿದ ಜಾಗವನ್ನು ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು ಹಾನಿಕರ.

ಆಹಾರ

ತೊಡೆಮೂಳೆ ಮುರಿದಾಗ ಹೊರಗೆ ಗಾಯ ಕಾಣದಿದ್ದರೂ ಒಂದು ಲೀಟರಿಗೂ ಹೆಚ್ಚು ರಕ್ತ ತೊಡೆಯೊಳಗೆ ಸೋರಬಹುದು. ಆದ್ದರಿಂದ ಕಬ್ಬಿಣಾಂಶ ಮತ್ತು ಸಸಾರಜನಕದ ಅಗತ್ಯ ಹೆಚ್ಚಾಗಿರುತ್ತದೆ. ಬೇಳೆ, ಮೊಟ್ಟೆ, ಮಾಂಸ ತಿಂದರೆ ಗಾಯ ಕೀವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಇವುಗಳನ್ನು ಬಿಟ್ಟಲ್ಲಿ ಗಾಯ ಮಾಯುವುದು ತಡವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹಾಲು, ಮೊಸರು, ಮೊಳಕೆ ಕಾಳುಗಳು ಉತ್ತಮ ಆಹಾರವಾಗಿವೆ. ಬೀಡಿ ಮತ್ತು ಸಿಗರೇಟು ಸೇವನೆಯಿಂದ ಮೂಳೆ ಕೂಡುವುದು ತಡವಾಗುತ್ತದೆ. ಮಧುಮೇಹ ಇರುವವರು ಸಕ್ಕರೆ ಅಂಶವನ್ನು ಹತೋಟಿಯಲ್ಲಿಡತಕ್ಕದ್ದು.

ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

- ಮೀನಖಂಡದಲ್ಲಿ ಹೊಸದಾಗಿ ಬಾವು, ಬಿಸಿ ಮತ್ತು ನೋವು ಕಾಣಿಸಿಕೊಂಡಾಗ
- ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು ಬಂದಾಗ
- ಜ್ವರ, ಗಾಯದಿಂದ ಅಥವಾ ಹೊರ ಚೌಕಟ್ಟಿನ ಕಡ್ಡಿಗಳ ಬುಡದಿಂದ ಕೀವು ಬಂದಾಗ
- ನಡೆಯತೊಡಗಿದ ಮೇಲೆ ಮುರಿದ ಜಾಗದಲ್ಲಿಯೇ ನೋವು ಹೆಚ್ಚಾದಾಗ ಅಥವಾ ಕಾಲು ಸೊಟ್ಟಗಾದಂತೆ ಕಂಡಾಗ

ಲಭ್ಯವಿರುವ ಸೌಲಭ್ಯಗಳು

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯು ಜಿಲ್ಲೆಯ ಪ್ರಮುಖ ಸರ್ಕಾರಿ ಆಸ್ಪತ್ರೆಯಾಗಿರುತ್ತದೆ. ನ್ಯಾಮತಿ ಭಾಗದವರಿಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯು ಹತ್ತಿರವಾಗುತ್ತದೆ. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದಾಗಿದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಗಿದೆ. 2025ರಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಮೋಟಾರು ವಾಹನ ಅಪಘಾತದ ಗಾಯಾಳುಗಳು ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಪಡೆಯಬಹುದು. ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಕಲಂ 134ಎ ರಕ್ಷಣೆ ನೀಡುತ್ತದೆ. ಆದ್ದರಿಂದ ಪೊಲೀಸ್ ವಿಚಾರಣೆಯ ಭಯದಿಂದ ಹಿಂಜರಿಯುವ ಅಗತ್ಯವಿಲ್ಲ.

ಎಲ್ಲ ಪ್ರಯತ್ನಗಳ ನಂತರವೂ ಶಾಶ್ವತ ನ್ಯೂನತೆ ಉಳಿದಲ್ಲಿ, 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ನ್ಯೂನತೆ ಇರಬೇಕಾಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಬಗ್ಗೆ ನೆರವಾಗುತ್ತಾರೆ. ಚಿಕಿತ್ಸೆಯ ಎಲ್ಲ ಚೀಟಿಗಳು, ಎಕ್ಸ್‌ರೇಗಳು ಮತ್ತು ಫಿಸಿಯೋಥೆರಪಿ ದಾಖಲೆಗಳನ್ನು ಜೋಪಾನವಾಗಿಡಬೇಕು. ಅಪಘಾತ ಪರಿಹಾರದ ಪ್ರಕರಣಗಳಲ್ಲಿಯೂ ಇವು ಅಗತ್ಯವಾಗುತ್ತವೆ.

ಕುಟುಂಬದವರ ಪಾತ್ರ

ಮನೆಯಲ್ಲಿ ದುಡಿಯುವವರೇ ಮಲಗಿದಾಗ ಕೂಲಿ ನಿಲ್ಲುತ್ತದೆ, ಸಾಲ ಬೆಳೆಯುತ್ತದೆ. ಬಸ್ಸಿನ ಖರ್ಚು ಮತ್ತು ಜೊತೆಗೆ ಬರುವವರ ಒಂದು ದಿನದ ಕೂಲಿಯನ್ನು ಉಳಿಸಲು ಆರನೆಯ ವಾರದ ಮರುಪರೀಕ್ಷೆಯನ್ನು ತಪ್ಪಿಸುವವರುಂಟು. ವ್ಯಾಯಾಮವನ್ನು ಬದಲಾಯಿಸಿ ಮುಂದಿನ ಹಂತಕ್ಕೆ ಹೋಗಬೇಕಾದ ಸಮಯವೂ ಅದೇ ಆಗಿರುತ್ತದೆ. ಆಗ ಉಳಿಸಿದ ಕೆಲವು ನೂರು ರೂಪಾಯಿಗಳಿಗಾಗಿ ಮುಂದೆ ಜೀವನಪರ್ಯಂತ ಅರ್ಧ ಕೂಲಿಯ ಕೆಲಸಕ್ಕೆ ತೃಪ್ತಿಪಡಬೇಕಾಗಬಹುದು. ಮೊದಲ ಭೇಟಿಯಲ್ಲಿಯೇ ವ್ಯಾಯಾಮಗಳನ್ನು ಕುಟುಂಬದ ಒಬ್ಬ ಸದಸ್ಯರಿಗೆ ಕಲಿಸಿಕೊಡುವಂತೆ ಕೇಳಿಕೊಂಡು, ಮನೆಯಲ್ಲಿ ಪ್ರತಿದಿನ ಅವರ ಮೇಲ್ವಿಚಾರಣೆಯಲ್ಲಿ ಮುಂದುವರಿಸುವುದು ಸೂಕ್ತ. ಮನೆಯಲ್ಲಿ ತಾತ್ಕಾಲಿಕವಾಗಿ ಎತ್ತರದ ಕುರ್ಚಿ, ಶೌಚಕ್ಕೆ ರಂಧ್ರವಿರುವ ಪ್ಲಾಸ್ಟಿಕ್ ಕುರ್ಚಿ ಹಾಗೂ ಗೋಡೆಗೆ ಹಿಡಿಕೆಯೊಂದನ್ನು ಒದಗಿಸಿದಲ್ಲಿ ರೋಗಿಯು ಪರಾವಲಂಬನೆಯಿಲ್ಲದೆ ಓಡಾಡಲು ಅನುಕೂಲವಾಗುತ್ತದೆ.

ಮುಂಜಾಗ್ರತೆ

ಅಡಿಕೆ ಕೊನೆ ಇಳಿಸಲು ನೆಲದಿಂದಲೇ ಬಳಸುವ ಫೈಬರ್ ದೋಟಿಗಳು ಈಗ ಲಭ್ಯವಿವೆ. ಮರ ಹತ್ತುವುದು ಅನಿವಾರ್ಯವಾದಲ್ಲಿ ಸುರಕ್ಷಾ ಪಟ್ಟಿ ಧರಿಸತಕ್ಕದ್ದು. ಮಳೆಯಲ್ಲಿ ಒದ್ದೆಯಾದ ಮರ ಹತ್ತಬಾರದು. ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಜನರನ್ನು ಕೂರಿಸಬಾರದು. ಒಮ್ಮೆ ಮುರಿತಕ್ಕೆ ಒಳಗಾದ ವಯೋವೃದ್ಧರಲ್ಲಿ ಮತ್ತೊಮ್ಮೆ ಮುರಿತವಾಗುವ ಸಂಭವ ಹೆಚ್ಚಾಗಿರುವುದರಿಂದ, ಅವರು ಮೂಳೆ ಸವಕಳಿಯ ಬಗ್ಗೆ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯಕವಾಗಿರುತ್ತದೆ.