ಆವಿಗೆ ಕಟ್ಟುವ ಮುನ್ನ ಮಳೆಯ ಲೆಕ್ಕ ಹಾಕಿ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆ, ದೋಣಿಗಾಲ್ ಕಡೆ ಆ ದೊಣ್ಣೆ ಮಳೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ, ಸೌದೆ, ಹಸಿ ಮಡಕೆ ಯಾವುದೂ ಸರಿಯಾಗಿ ಒಣಗಲ್ಲ. ಆದರೆ ಹಣತೆಗೆ ಬೇಡಿಕೆ ಬರೋದು ಮಳೆಗಾಲ ಮುಗಿಯುತ್ತಿದ್ದಂತೆ ಬರುವ ದೀಪಾವಳಿಗೆ. ಬಯಲಲ್ಲಿ ಹುಲ್ಲು, ಸೌದೆ ಮುಚ್ಚಿ ಸುಡುವುದನ್ನೇ ನಂಬಿ ಕೂತರೆ ಆ ವ್ಯಾಪಾರ ಕೈತಪ್ಪುತ್ತದೆ. ಸೂರಿನಡಿ ಇಟ್ಟಿಗೆಯ ಸಣ್ಣ ಆವಿಗೆ ಇದ್ದರೆ ಮಳೆ ಬಿಡುವು ಕೊಟ್ಟ ಎರಡು ದಿನದಲ್ಲೂ ಸುಡಬಹುದು. ಆದರೆ ಅದನ್ನು ಬಯಲುಸೀಮೆಯ ಲೆಕ್ಕದಲ್ಲಿ ಕಟ್ಟಿದರೆ ಇಲ್ಲಿ ಒಂದೇ ಮಳೆಗಾಲಕ್ಕೆ ಹಾಳಾಗುತ್ತದೆ.

ಜಾಗ ಯಾವುದು?

ನೆಲ ಅಗೆದು ಒಲೆ ಮಾಡಬೇಡಿ. ಆಷಾಢದಲ್ಲಿ ಜಲ ಎದ್ದು ಒಲೆಯೊಳಗೇ ನೀರು ನಿಲ್ಲುತ್ತದೆ. ಸೈಜುಗಲ್ಲಿನಲ್ಲಿ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿ, ಮೇಲೆ ಮರಳು ಹಾಸಿ, ಸುತ್ತ ಚರಂಡಿ ತೆಗೆಯಿರಿ. ಗುಡ್ಡ ಕಡಿದು ಅದರ ಬುಡದಲ್ಲಂತೂ ಕಟ್ಟಲೇಬಾರದು. ದೋಣಿಗಾಲ್ ಬಳಿ ಹೆದ್ದಾರಿ ಪಕ್ಕದ ಮಣ್ಣು ಕುಸಿಯೋದನ್ನು ನಾವೆಲ್ಲ ನೋಡಿದ್ದೇವೆ. ಮನೆ, ಹುಲ್ಲಿನ ಬಣವೆ, ಕರೆಂಟ್ ತಂತಿಯಿಂದ ದೂರವಿರಲಿ. ಒಲೆಬಾಯಿ ಪಡುವಣ ಮಳೆಗಾಳಿಗೆ ಎದುರಾಗದಿರಲಿ.

ಸೂರು ಆವಿಗೆಯ ಮೇಲ್ತುದಿಯಿಂದ ಕನಿಷ್ಠ 6 ಅಡಿ ಎತ್ತರದಲ್ಲಿರಬೇಕು. ಕಬ್ಬಿಣದ ಕಂಬ, ಶೀಟು ಹಾಕಿ. ಕೊನೆಯ ಹೊತ್ತಲ್ಲಿ ಜ್ವಾಲೆ ಮೇಲೇಳುವುದರಿಂದ ಬಿದಿರು, ಅಡಿಕೆ ದಬ್ಬೆ ಬೇಡ.

ಇಟ್ಟಿಗೆ ಎಷ್ಟು?

ಒಂದು ಮನೆಯವರ ಕೆಲಸಕ್ಕೆ ಒಳಗಿನ ಅಗಲ 4 ಅಡಿ ಇರುವ ದುಂಡನೆಯ ಆವಿಗೆ ಸಾಕು. ಕೆಳಗೆ 2 ಅಡಿ ಒಲೆ, ಮೇಲೆ 4 ಅಡಿ ಮಡಕೆ ಜೋಡಿಸುವ ಕೋಣೆ. 9 ಇಂಚು ಗೋಡೆಗೆ ಸುಮಾರು 950 ಇಟ್ಟಿಗೆ ಬೇಕು. ನಡುಗಂಬ, ಕಮಾನು, ಒಡೆದದ್ದು ಎಲ್ಲ ಸೇರಿ 1,200 ತರಿಸಿಕೊಳ್ಳಿ. ಚೆನ್ನಾಗಿ ಬೆಂದು, ತಟ್ಟಿದರೆ ಠಣ್ ಅನ್ನುವ ಇಟ್ಟಿಗೆಯೇ ಆಗಬೇಕು. ಒಲೆ ಮತ್ತು ಕೋಣೆಯ ನಡುವಿನ ತಳದಲ್ಲಿ ಬೆಂಕಿ ಮೇಲೇರಲು ಎರಡು ಬೆರಳಗಲದ ಸಂದುಗಳನ್ನು ಬಿಡಿ. ಎದುರುಬದುರಾಗಿ ಎರಡು ಒಲೆಬಾಯಿ ಇದ್ದರೆ ಕಾವು ಎಲ್ಲ ಕಡೆ ಸಮನಾಗಿ ಹರಡುತ್ತದೆ.

ಗಾರೆಗೆ ಸಿಮೆಂಟ್ ಬೇಡ. ಮಡಕೆ ಬೇಯೋದು 700ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಿಮೆಂಟಿನ ಹಿಡಿತ 400 ಡಿಗ್ರಿ ದಾಟುತ್ತಿದ್ದಂತೆ ಸಡಿಲವಾಗುತ್ತದೆ, ಆಮೇಲೆ ಮಳೆಗಾಲದ ತೇವ ಕುಡಿದು ಉದುರುತ್ತದೆ. ಒಂದು ಪಾಲು ಜೇಡಿಮಣ್ಣಿಗೆ ಎರಡು ಪಾಲು ಮರಳು ಕಲಸಿ ತೆಳುವಾಗಿ ಹಾಕಿ. ಹೊರಗೆ ಭತ್ತದ ಹೊಟ್ಟು ಬೆರೆಸಿದ ಮಣ್ಣು ಮೆತ್ತಿ, ಗೋಡೆ ಬಿರಿಯದಂತೆ ಕಬ್ಬಿಣದ ಪಟ್ಟಿ ಬಿಗಿಯಿರಿ.

ಯಾವಾಗ ಕಟ್ಟೋದು?

ಡಿಸೆಂಬರ್, ಜನವರಿ ಸರಿಯಾದ ಕಾಲ. ಒಂದು ತಿಂಗಳು ಒಣಗಲು ಬಿಡಿ. ಆಮೇಲೆ ಮಡಕೆ ಇಡದೆ ನಾಲ್ಕೈದು ದಿನ ಸಣ್ಣ ಬೆಂಕಿ ಹಾಕಿ. ಕಾಫಿ ಗಿಡದ ಕಸಿ ಕಡ್ಡಿ, ಸಿಲ್ವರ್ ಓಕ್ ರೆಂಬೆಗಳನ್ನು ಬೇಸಿಗೆಯಲ್ಲೇ ಒಟ್ಟಿಟ್ಟುಕೊಳ್ಳಿ. ಹಸಿ ಸೌದೆಯ ಕಾವೆಲ್ಲ ತನ್ನ ನೀರು ಆರಿಸೋದಕ್ಕೇ ಹೋಗುತ್ತದೆ.

ಸುಡುವಾಗ ಮೊದಲ ಎರಡು ಮೂರು ಗಂಟೆ ಹೊಗೆಬೆಂಕಿಯಷ್ಟೇ ಸಾಕು. ತಣ್ಣನೆಯ ಕನ್ನಡಿಯನ್ನು ಇಕ್ಕಳದಲ್ಲಿ ಹಿಡಿದು ಮೇಲಿನ ಬಾಯಿಗೆ ಒಡ್ಡಿ ನೋಡಿ. ಮಂಜು ಕಟ್ಟಿದರೆ ಮಡಕೆಯಲ್ಲಿ ಇನ್ನೂ ನೀರಿದೆ ಅಂತ ಅರ್ಥ. ಆಗ ಅವಸರಪಟ್ಟರೆ ನೀರು ಆವಿಯಾಗಿ ಮಡಕೆಯೇ ಸಿಡಿಯುತ್ತದೆ, ವಾರಗಟ್ಟಲೆ ದುಡಿದದ್ದು ಚೂರು. ಒಳಗೆ ಕೆಂಪು ಕಾವು ಏರಿ ಎಲ್ಲ ಕಡೆ ಒಂದೇ ಬಣ್ಣ ಕಂಡ ಮೇಲೆ ಬಾಯಿ ಮುಚ್ಚಿ, ಮಾರನೇ ದಿನವೇ ತೆಗೆಯಿರಿ. ಬಿಸಿಯಿದ್ದಾಗ ತಣ್ಣನೆ ಗಾಳಿ ಹೊಕ್ಕರೆ ಮಡಕೆ ಬಿರುಕು ಬಿಡುತ್ತದೆ.

ದುಡ್ಡು, ತರಬೇತಿ

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಉಪಕರಣಕ್ಕೆ 15,000 ರೂ. ನೆರವು, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂ.ವರೆಗೆ ಸಾಲ ಸಿಗುತ್ತದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯೂ ಇದೆ. ಇಟ್ಟಿಗೆಗೆ ಮುಂಗಡ ಕೊಡುವ ಮುಂಚೆ ಅಲ್ಲೊಮ್ಮೆ ಕೇಳಿಬಂದರೆ ನಷ್ಟವೇನಿಲ್ಲ.